ದಿನಾ ರೈಲಲ್ಲಿ ಓಡಾಡುವ ವಿದ್ಯಾರ್ಥಿಗೆ ಡಯಾಬಿಟಿಸ್ ಇದ್ದರೆ: ಡಬ್ಬಿ, ಮೀಟರ್, ಮಾತ್ರೆ

ಮಂಡ್ಯ, ಮದ್ದೂರು, ರಾಮನಗರ, ತುಮಕೂರಿನಿಂದ ಬೆಂಗಳೂರಿನ ಕಾಲೇಜುಗಳಿಗೆ ದಿನಾ ಅಪ್ ಅಂಡ್ ಡೌನ್ ಮಾಡುವ ಮಕ್ಕಳಲ್ಲಿ ಡಯಾಬಿಟಿಸ್ ಇರುವವರೂ ಇದ್ದಾರೆ. ಕೆಲವರಿಗೆ ಚಿಕ್ಕಂದಿನಿಂದಲೇ ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಬಗೆ. ಕೆಲವರಿಗೆ ಇಪ್ಪತ್ತು ದಾಟುತ್ತಿದ್ದಂತೆ ಟೈಪ್ 2, ಅಂದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಬಗೆ. ಇವರ ಕೈಗೆ ಸಿಗುವ ಡಯಟ್ ಚಾರ್ಟ್ ಮಾತ್ರ ಮನೆಯಲ್ಲೇ ಇರುವವರಿಗೆ ಬರೆದ ಹಾಗಿರುತ್ತದೆ. 11 ಗಂಟೆಗೆ ಹಣ್ಣು, 4 ಗಂಟೆಗೆ ಸೂಪ್. 11ಕ್ಕೆ ಕ್ಲಾಸ್ ನಡೀತಿರುತ್ತದೆ, 4ಕ್ಕೆ ಲ್ಯಾಬ್. ಸಂಜೆಯ ರೈಲಲ್ಲಿ ಕೂರಲು ಜಾಗ ಸಿಕ್ಕರೆ ಅದೇ ದೊಡ್ಡದು.

ನಾನು ಟೈಪ್ 2 ಇದ್ದೇ ಮದ್ದೂರಿನಿಂದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿಗೆ ಓಡಾಡಿ ಎಂ.ಎ ಮುಗಿಸಿದವಳು. ಹಾಗಾಗಿ ಇಲ್ಲಿ ಹೇಳುವ ಉದಾಹರಣೆಗಳೆಲ್ಲ ಮೈಸೂರು–ಬೆಂಗಳೂರು ಲೈನಿನವು. ನಿಮ್ಮದು ಬಸ್ ಆಗಿದ್ದರೂ, ಮೆಟ್ರೋ ಆಗಿದ್ದರೂ ವಿಷಯ ಒಂದೇ. ರಕ್ತದ ಸಕ್ಕರೆ ಏರುವುದು, ಇಳಿಯುವುದು ಎರಡೂ ನಾವು ಏನು ತಿಂದೆವು ಅನ್ನುವುದರ ಜೊತೆಗೆ ಯಾವಾಗ ತಿಂದೆವು ಅನ್ನುವುದರ ಮೇಲೂ ನಿಂತಿದೆ. ದಿನಾ ಓಡಾಡುವವರಿಗೆ ಆ 'ಯಾವಾಗ' ತಮ್ಮ ಕೈಲಿ ಇರುವುದಿಲ್ಲ. ಅದನ್ನು ಆದಷ್ಟು ಕೈಗೆ ತಂದುಕೊಳ್ಳುವ ದಾರಿ ಇಲ್ಲಿದೆ.

ಮೊದಲ ಕೆಲಸ: ಮಾತ್ರೆಯ ಶೀಟ್ ಹಿಡಿದು ಡಾಕ್ಟರ ಹತ್ತಿರ ಹೋಗಿ

ಇಲ್ಲಿ ಹೇಳುವ ದಾರಿಯ ಮುಖ್ಯ ಭಾಗ ಕಾರ್ಬ್, ಅಂದರೆ ಅನ್ನ, ಚಪಾತಿಯಂಥವುಗಳ ಪಿಷ್ಟ, ಸಕ್ಕರೆಯನ್ನು ಕಡಿಮೆ ಮಾಡುವುದು. ಅನ್ನ ಕಡಿಮೆ ಮಾಡುವುದಕ್ಕೂ ಮುಂಚೆ ಇದು ಆಗಬೇಕು. ಹಾಳೆಯಲ್ಲಿ ಬರೆದುಕೊಂಡೇ ಹೋಗಿ: "ನಾನು ಕಾರ್ಬ್ ಕಡಿಮೆ ಮಾಡಬೇಕು ಅಂತಿದ್ದೇನೆ, ಔಷಧಿ ಬದಲಿಸಬೇಕಾ?" ಈ ಪ್ರಶ್ನೆ ಯಾಕೆ ಇಷ್ಟು ಮುಖ್ಯ ಅಂದರೆ, ಈಗಿನ ಡೋಸ್ ಈಗಿನ ಊಟಕ್ಕೆ ಲೆಕ್ಕ ಹಾಕಿ ಕೊಟ್ಟದ್ದು. ಊಟ ಅರ್ಧ ಮಾಡಿ ಡೋಸ್ ಹಾಗೇ ಬಿಟ್ಟರೆ ಸಕ್ಕರೆ ಕುಸಿಯಬಹುದು.

ಯಾವ ಔಷಧಿಯಲ್ಲಿ ಏನು ನೋಡಬೇಕು ಅಂತ ಇಷ್ಟು ತಿಳಿದಿರಲಿ. ಮೆಟ್‌ಫಾರ್ಮಿನ್ ಒಂದನ್ನೇ ತಗೊಳ್ಳುವವರಿಗೆ ಸಕ್ಕರೆ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್‌ನಂಥ ಮಾತ್ರೆ ತಗೊಂಡು ಊಟ ಬಿಟ್ಟರೆ ಕುಸಿಯುತ್ತದೆ. ಇನ್ಸುಲಿನ್ ಅಂತೂ ಹೇಳಬೇಕಾಗಿಯೇ ಇಲ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಮಾತ್ರೆಗಳಿವೆ, ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುವಂಥವು. ಇವನ್ನು ತಗೊಳ್ಳುತ್ತಾ ಕಾರ್ಬ್ ತೀರಾ ಇಳಿಸಿದರೆ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗಿದಾಗ ಹುಟ್ಟುವ ಆಮ್ಲ) ಹೆಚ್ಚಾಗಿ ಜೀವಕ್ಕೇ ಅಪಾಯ ಬರಬಹುದು. ಆಗ ಸಕ್ಕರೆ ಅಳೆಯುವ ಮೀಟರ್ ನೋಡಿದರೆ ಸಕ್ಕರೆ ಅಷ್ಟೇನೂ ಜಾಸ್ತಿ ಇರುವುದಿಲ್ಲ, ಅದೇ ಮೋಸ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಮೀಟರಿನ ಅಂಕಿ ನಂಬಿ ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಟೈಪ್ 1 ಇರುವವರು ಡಾಕ್ಟರ ಕಣ್ಗಾವಲಿಲ್ಲದೆ ಕಾರ್ಬ್ ಇಳಿಸಲೇಬಾರದು. ದಿನವಿಡೀ ಕೆಲಸ ಮಾಡುವ ಬೇಸಲ್ ಇನ್ಸುಲಿನ್ ಅಂತೂ ಯಾವ ಕಾರಣಕ್ಕೂ ನಿಲ್ಲಿಸಬಾರದು, ಜ್ವರ ಬಂದು ಊಟ ಸೇರದ ದಿನವೂ.

ಖರ್ಚಿನ ಚಿಂತೆ ಇರುವವರಿಗೆ ಒಂದು ಮಾತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಎನ್‌ಸಿಡಿ ಕ್ಲಿನಿಕ್ (ಬಿಪಿ, ಶುಗರ್ ತರದ ಅಂಟದ ಕಾಯಿಲೆಗಳ ವಿಭಾಗ) ಇರುತ್ತದೆ. ಅಲ್ಲಿ ಸಕ್ಕರೆ ಪರೀಕ್ಷೆ ಮಾಡಿ ಮಾತ್ರೆಯನ್ನೂ ಕೊಡುತ್ತಾರೆ. ಜನೌಷಧಿ ಅಂಗಡಿಯಲ್ಲಿ ಮೆಟ್‌ಫಾರ್ಮಿನ್ ತುಂಬಾ ಅಗ್ಗ. ಬೆಂಗಳೂರಿನ ಜಯನಗರದ ಕಡೆ ಡಯಾಬಿಟಿಸ್‌ಗೆಂದೇ ಸರ್ಕಾರದ ಸಂಸ್ಥೆ ಇದೆ, ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್.

ಕಡಿಮೆ ಕಾರ್ಬ್ ಅಂದರೆ ಎಷ್ಟು?

ಕಾರ್ಬ್ ಅಂದರೆ ಊಟದಲ್ಲಿರುವ ಪಿಷ್ಟ ಮತ್ತು ಸಕ್ಕರೆ. ಅನ್ನ, ಚಪಾತಿ, ಮುದ್ದೆ, ಇಡ್ಲಿ, ಆಲೂಗಡ್ಡೆ, ಹಣ್ಣು, ಬೆಲ್ಲ ಎಲ್ಲದರಲ್ಲೂ ಇದೆ. ನಮ್ಮ ದೇಶದವರು ತಿನ್ನುವ ಊಟದಲ್ಲಿ ಶಕ್ತಿಯ ಶೇಕಡಾ 60ಕ್ಕಿಂತ ಹೆಚ್ಚು ಭಾಗ ಕಾರ್ಬ್‌ನಿಂದಲೇ ಬರುತ್ತದೆ ಅಂತ ಐಸಿಎಂಆರ್–ಇಂಡಿಯಾಬ್ ಅನ್ನುವ ರಾಷ್ಟ್ರೀಯ ಡಯಾಬಿಟಿಸ್ ಸಮೀಕ್ಷೆ ಹೇಳುತ್ತದೆ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಇದು 300 ಗ್ರಾಂ ಕಾರ್ಬ್ ಆಯಿತು. ಸಾಮಾನ್ಯವಾಗಿ 130 ಗ್ರಾಂ ಒಳಗಿದ್ದರೆ ಅದನ್ನು ಕಡಿಮೆ ಕಾರ್ಬ್ ಅನ್ನುತ್ತಾರೆ. ಹೊತ್ತಿಗೆ 40 ಗ್ರಾಂನಂತೆ ಮೂರು ಹೊತ್ತು ಅಂದುಕೊಳ್ಳಿ, ಲೆಕ್ಕ ಸುಲಭ. ಕೀಟೋ ಅಂತ 20–30 ಗ್ರಾಂಗೆ ಇಳಿಯುವುದನ್ನು ನಾನು ಯಾವ ವಿದ್ಯಾರ್ಥಿಗೂ ಹೇಳುವುದಿಲ್ಲ. ಐದು ಗಂಟೆಗೆ ಎದ್ದು, ರೈಲಲ್ಲಿ ನಿಂತು, ರಾತ್ರಿ ಓದುವವರಿಗೆ ಅದು ಬಹಳ ದಿನ ನಡೆಯುವುದಿಲ್ಲ.

ಕೆಲವು ಅಂದಾಜು ತಲೆಯಲ್ಲಿ ಇರಲಿ. ಒಂದು ಕಪ್ ಅನ್ನದಲ್ಲಿ 40ರಿಂದ 45 ಗ್ರಾಂ. ಒಂದು ಚಪಾತಿಯಲ್ಲಿ ಸುಮಾರು 20. ಒಂದು ಸಣ್ಣ ಇಡ್ಲಿಯಲ್ಲಿ 10ರ ಆಸುಪಾಸು. ಎರಡು ಚಮಚ ಸಕ್ಕರೆ ಹಾಕಿದ ಟೀಯಲ್ಲಿ ಸಕ್ಕರೆಯೇ 8–10 ಗ್ರಾಂ. ಮೊಟ್ಟೆಯಲ್ಲಿ ಹತ್ತಿರ ಹತ್ತಿರ ಸೊನ್ನೆ. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 5 ಗ್ರಾಂ ಕಾರ್ಬ್, 7–8 ಗ್ರಾಂ ಪ್ರೋಟೀನ್. ಕ್ಯಾಂಟೀನಿನ ಒಂದು ಪ್ಲೇಟ್ ಅನ್ನ ಎರಡು ಕಪ್ಪಿಗಿಂತ ಕಡಿಮೆ ಇರುವುದಿಲ್ಲ, ಅಂದರೆ ಅದೊಂದರಲ್ಲೇ 80–90 ಗ್ರಾಂ.

ನಮ್ಮ ಕಡೆ ಮುದ್ದೆಯ ವಿಷಯದಲ್ಲಿ ಗಟ್ಟಿ ನಂಬಿಕೆ ಒಂದಿದೆ: ರಾಗಿ ತಿಂದರೆ ಶುಗರ್ ಏರಲ್ಲ ಅಂತ. ರಾಗಿ ಒಳ್ಳೆಯ ಧಾನ್ಯ. ಕ್ಯಾಲ್ಸಿಯಂ, ನಾರು ಚೆನ್ನಾಗಿದೆ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ 70 ಗ್ರಾಂ ಹತ್ತಿರ ಕಾರ್ಬ್ ಇದೆ. ದೊಡ್ಡ ಮುದ್ದೆ ಒಂದನ್ನು ನುಂಗಿದರೆ ಒಂದು ದಿನದ ಲೆಕ್ಕದ ಅರ್ಧ ಅಲ್ಲಿಗೇ ಮುಗಿಯಿತು. ಬೆಲ್ಲಕ್ಕೂ ಇದೇ ಮಾತು. ಹೆದ್ದಾರಿಯ ಅಂಗಡಿಗಳಲ್ಲಿ 'ಬೆಲ್ಲದ ಟೀ' ಅಂತ ಬೋರ್ಡ್ ನೋಡಿ ಸಮಾಧಾನ ಪಡಬೇಡಿ. ರಕ್ತಕ್ಕೆ ಹೋದ ಮೇಲೆ ಬೆಲ್ಲವೂ ಸಕ್ಕರೆಯೇ.

ತಟ್ಟೆಯ ಲೆಕ್ಕ ತಿರುಗಿಸಿ

ನಾವು ಅನ್ನಕ್ಕೆ ಪಲ್ಯ ನೆಂಚಿಕೊಳ್ಳುವವರು. ಇನ್ನು ಮೇಲೆ ಪಲ್ಯಕ್ಕೆ ಅನ್ನ ನೆಂಚಿಕೊಳ್ಳಬೇಕು. ನಾನು ಕಲಿತದ್ದರಲ್ಲಿ ಬಹಳ ಉಪಯೋಗಕ್ಕೆ ಬಂದದ್ದು ಇದು. ಹೊಸ ಅಡುಗೆ ಬೇಡ, ಓಟ್ಸ್ ಬೇಡ, ದುಬಾರಿ ಬಾದಾಮಿ ಹಿಟ್ಟು ಬೇಡ. ಮಂಡ್ಯ ಸೀಮೆಯ ಮನೆಗಳಲ್ಲಿ ಬಸ್ಸಾರು, ಉಪ್ಸಾರು, ಹುರುಳಿಕಾಳು, ಸೊಪ್ಪಿನ ಪಲ್ಯ ದಿನಾ ಆಗುತ್ತದೆ. ಬಸ್ಸಾರಿಗೆ ಬಸಿದ ಸೊಪ್ಪು–ಕಾಳನ್ನು ಒಗ್ಗರಣೆ ಹಾಕಿ ಒಂದು ಸೌಟು ಬಡಿಸುತ್ತಾರಲ್ಲ, ಅದನ್ನು ಮೂರು ಸೌಟು ಹಾಕಿಸಿಕೊಳ್ಳಿ. ಮುದ್ದೆ ಅರ್ಧಕ್ಕೆ ಇಳಿಸಿ. ಮನೆಯವರಿಗೆ ಬೇರೆ ಅಡುಗೆಯ ಹೊರೆ ಇಲ್ಲ, ನಿಮಗೆ ಹಸಿವೂ ಇರುವುದಿಲ್ಲ.

ತಿನ್ನುವ ಕ್ರಮಕ್ಕೂ ಬೆಲೆ ಇದೆ. ಮೊದಲು ತರಕಾರಿ, ಸೊಪ್ಪು. ಆಮೇಲೆ ಮೊಟ್ಟೆ ಅಥವಾ ಕಾಳು. ಅನ್ನ ಕೊನೆಗೆ. ಅದೇ ಊಟವನ್ನು ಈ ಕ್ರಮದಲ್ಲಿ ತಿಂದರೆ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತದೆ. ಒಂದು ದಿನ ಹಾಗೆ, ಇನ್ನೊಂದು ದಿನ ಹೀಗೆ ತಿಂದು ಎರಡು ಗಂಟೆ ಬಿಟ್ಟು ಮೀಟರ್ ನೋಡಿ. ನಿಮ್ಮದೇ ರಕ್ತ ಹೇಳುತ್ತದೆ.

ಮೂರು ಡಬ್ಬಿ

ನಿಲ್ದಾಣದಲ್ಲಿ, ರೈಲಲ್ಲಿ, ಕ್ಯಾಂಟೀನಲ್ಲಿ ಸಿಗುವುದರಲ್ಲಿ ಮುಕ್ಕಾಲು ಭಾಗ ಮೈದಾ, ರವೆ, ಅಕ್ಕಿ, ಸಕ್ಕರೆ. ಹೊಟ್ಟೆ ಹಸಿದಾಗ ಕಣ್ಣೆದುರು ಬಂದದ್ದನ್ನು ಬೇಡ ಅನ್ನುವುದು ಯಾರಿಗೂ ಕಷ್ಟ. ಆದ್ದರಿಂದ ಹಸಿವು ಬರುವ ಮೊದಲೇ ಊಟ ಬ್ಯಾಗಲ್ಲಿ ಇರಬೇಕು.

ಮೊದಲ ಡಬ್ಬಿ ಬೆಳಗ್ಗೆಯದು. ಐದೂವರೆಗೆ ಮನೆಯಲ್ಲಿ ತಿಂಡಿ ಸೇರುವುದಿಲ್ಲ, ರೈಲಲ್ಲೇ ತಿನ್ನಬೇಕು. ಎರಡು ಬೇಯಿಸಿದ ಮೊಟ್ಟೆಯನ್ನು ಸಿಪ್ಪೆ ಸಮೇತ ಒಯ್ಯಿರಿ, ಜೊತೆಗೆ ಒಂದೆರಡು ಇಡ್ಲಿ. ಮೊಟ್ಟೆ ತಿನ್ನದವರಿಗೆ ಹೆಸರುಕಾಳಿನ ದೋಸೆ ಬಹಳ ಒಳ್ಳೆಯದು. ರಾತ್ರಿ ಕಾಳು ನೆನೆಹಾಕಿ, ಬೆಳಗ್ಗೆ ಶುಂಠಿ, ಹಸಿಮೆಣಸಿನಕಾಯಿ ಹಾಕಿ ರುಬ್ಬಿ ಹುಯ್ದರೆ ಆಯಿತು, ಹುದುಗು ಬರುವ ತನಕ ಕಾಯಬೇಕಾಗಿಲ್ಲ. ತಣ್ಣಗಾದರೂ ತಿನ್ನಬಹುದು. ಅಕ್ಕಿ ದೋಸೆಗಿಂತ ಪ್ರೋಟೀನ್ ಜಾಸ್ತಿ, ಹಾಗಾಗಿ ಹನ್ನೊಂದು ಗಂಟೆಗೇ ಹೊಟ್ಟೆ ಚುರುಗುಟ್ಟುವುದಿಲ್ಲ. ಚಟ್ನಿ ಕಡಲೆಕಾಯಿ ಬೀಜದ್ದು ಇರಲಿ.

ಎರಡನೆಯದು ಮಧ್ಯಾಹ್ನದ ಡಬ್ಬಿ. ಅರ್ಧ ಕಪ್ ಅನ್ನ ಅಥವಾ ಒಂದು ಚಪಾತಿ, ಅರ್ಧ ಕಪ್ ಕಾಳಿನ ಉಸಲಿ, ಒಂದೂವರೆ ಕಪ್ ಪಲ್ಯ, ಮೇಲೆ ಪನೀರ್ ಚೂರು ಅಥವಾ ಹುರಿದ ಸೋಯಾ. ಕಾಳೂ ಕಾರ್ಬ್ ಇಲ್ಲದ್ದಲ್ಲ. ಒಂದು ಕಪ್ ಬೆಂದ ಹೆಸರುಕಾಳಿನಲ್ಲಿ 35–40 ಗ್ರಾಂ ಇರುತ್ತದೆ, ಅದರಲ್ಲಿ ಒಳ್ಳೆ ಪಾಲು ನಾರು. ಆದ್ದರಿಂದ ಕಾಳು ಎಂದು ಡಬ್ಬಿ ತುಂಬಾ ತುಂಬಿಕೊಳ್ಳಬೇಡಿ. ಈ ಅಳತೆಯಲ್ಲಿ ನಾರು ಬಿಟ್ಟು ಒಟ್ಟು 40 ಗ್ರಾಂ ಆಸುಪಾಸಿಗೆ ನಿಲ್ಲುತ್ತದೆ.

ಡಬ್ಬಿ ಹಳಸುವುದು ದೊಡ್ಡ ತಲೆನೋವು, ಬೇಸಿಗೆಯಲ್ಲಂತೂ ಕೇಳಬೇಡಿ. ಉಸಲಿಗೆ ತೆಂಗಿನತುರಿ ಹಾಕಬೇಡಿ, ಮೊದಲು ಕೆಡುವುದೇ ಅದು. ಕೋಸಂಬರಿ ಒಯ್ಯುವುದಾದರೆ ಉಪ್ಪು, ನಿಂಬೆಹಣ್ಣು ಬೇರೆ ಇಟ್ಟುಕೊಂಡು ತಿನ್ನುವಾಗ ಕಲೆಸಿ, ಇಲ್ಲದಿದ್ದರೆ ನೀರು ಬಿಟ್ಟುಕೊಳ್ಳುತ್ತದೆ. ಬಿಸಿ ಬಿಸಿ ಪಲ್ಯ ಹಾಕಿ ಮುಚ್ಚಳ ಬಿಗಿಯಬೇಡಿ, ಆರಿದ ಮೇಲೆ ಮುಚ್ಚಿ. ಮೊಸರು ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ. ಅದಕ್ಕೆ ಬೆಳಗ್ಗೆ ಉಗುರುಬೆಚ್ಚಗಿನ ಹಾಲಿಗೆ ಚೂರು ಹೆಪ್ಪು ಹಾಕಿ ಸಣ್ಣ ಡಬ್ಬಿಯಲ್ಲಿ ಒಯ್ದರೆ ಊಟದ ಹೊತ್ತಿಗೆ ಹುಳಿಯಿಲ್ಲದ ಮೊಸರು. ರೈಲಿನ ಕುಲುಕಾಟಕ್ಕೆ ಗಟ್ಟಿಯಾಗಿ ಹೆಪ್ಪುಗಟ್ಟದಿರಬಹುದು, ರುಚಿಗೇನೂ ಮೋಸವಿಲ್ಲ.

ಮೂರನೆಯ ಡಬ್ಬಿ ಚಿಕ್ಕದು, ಸಂಜೆಗೆ. ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ಸಾಕು. ಮೂರರಲ್ಲಿ ಇದನ್ನು ಮಾತ್ರ ಯಾವ ದಿನವೂ ತಪ್ಪಿಸಬೇಡಿ. ವಾಪಸ್ ಬರುವ ರೈಲಲ್ಲಿ ಹಸಿವು, ಸುಸ್ತು ಎರಡೂ ಸೇರಿರುತ್ತವೆ. ಬಿಡದಿಯಲ್ಲಿ ತಟ್ಟೆ ಇಡ್ಲಿ, ಮುಂದೆ ಮದ್ದೂರು ವಡೆ. ಪಕ್ಕದ ಸೀಟಿನ ಅಮ್ಮ "ಒಂದು ತಿನ್ನವ್ವ, ಏನಾಯ್ತದೆ" ಅಂತ ಪ್ರೀತಿಯಿಂದ ಕೊಡುತ್ತಾರೆ. ಮದ್ದೂರು ವಡೆಯಲ್ಲಿರುವುದು ಮೈದಾ, ಚಿರೋಟಿ ರವೆ, ಅಕ್ಕಿ ಹಿಟ್ಟು, ಈರುಳ್ಳಿ. ಮೊದಲ ಮೂರೂ ಕಾರ್ಬೇ, ಅದರ ಮೇಲೆ ಎಣ್ಣೆ. ನಮ್ಮೂರಿನ ಹೆಮ್ಮೆಯ ತಿಂಡಿ ಅದು, ಜೀವನಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ತಿಂಗಳಿಗೊಮ್ಮೆ ಅರ್ಧ ತಿನ್ನಿ, ಆ ರಾತ್ರಿ ಮುದ್ದೆ ಬಿಡಿ. ಉಳಿದ ದಿನ ಅದೇ ರೈಲಲ್ಲಿ ಸಿಗುವ ಸೌತೆಕಾಯಿ, ಬೇಯಿಸಿದ ಕಡಲೆಕಾಯಿ, ದೋರೆ ಸೀಬೆಕಾಯಿ ನಿಮ್ಮವು.

ಡಬ್ಬಿ ಇಲ್ಲದ ದಿನ ಕ್ಯಾಂಟೀನ್

ಆಮ್ಲೆಟ್ ಸಿಕ್ಕರೆ ಬೇರೆ ಯೋಚನೆ ಬೇಡ. ಸಸ್ಯಾಹಾರಿಗಳು ಒಂದು ಸಾದಾ ದೋಸೆ ಅಥವಾ ಎರಡು ಇಡ್ಲಿ ತಗೊಂಡು, ಒಂದು ಬಟ್ಟಲು ಸಾಂಬಾರ್ ಜಾಸ್ತಿ ಕೇಳಿ. ಊಟವಾದರೆ ಎರಡನೇ ಸಲ ಅನ್ನದ ಬದಲು ಪಲ್ಯ ಹಾಕಿಸಿಕೊಳ್ಳಿ. ಕೇಳಿದರೆ ಹಾಕುತ್ತಾರೆ, ಸಂಕೋಚ ಬೇಡ. ಪಲಾವ್, ಚಿತ್ರಾನ್ನ, ರೈಸ್ ಬಾತ್‌ಗಳನ್ನು ಆದಷ್ಟು ಬಿಡಿ. ಅಲ್ಲಿ ಅನ್ನವನ್ನು ಬೇರೆ ಮಾಡಿ ಅಳೆಯಲು ಆಗುವುದಿಲ್ಲ. ಮಷೀನ್ ಕಾಫಿಯ ಪುಡಿಯಲ್ಲಿ ಎಷ್ಟೋ ಸಲ ಸಕ್ಕರೆ ಮೊದಲೇ ಬೆರೆತಿರುತ್ತದೆ, ಕೇಳಿ ಕುಡಿಯಿರಿ. 'ಡೈಜೆಸ್ಟಿವ್' ಅಂತ ಬರೆದ ಬಿಸ್ಕತ್ತೂ ಬಿಸ್ಕತ್ತೇ.

ಊಟವಾದ ಮೇಲೆ ಕೂತು ಹರಟುವ ಬದಲು ಹತ್ತು–ಹದಿನೈದು ನಿಮಿಷ ನಡೆದುಕೊಂಡೇ ಹರಟಿ. ಜ್ಞಾನಭಾರತಿಯಂಥ ಮರಗಳಿರುವ ದೊಡ್ಡ ಕ್ಯಾಂಪಸ್ ಸಿಕ್ಕವರು ಅದನ್ನು ಬಳಸಿಕೊಳ್ಳಬೇಕು. ಸಕ್ಕರೆ ಇಳಿಸಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ರೈಲಲ್ಲಿ ಸಕ್ಕರೆ ಕುಸಿದರೆ

ಈ ಭಾಗವನ್ನು ನಿಧಾನವಾಗಿ ಓದಿ. ನಿಮ್ಮ ಜೊತೆ ಓಡಾಡುವವರಿಗೂ ಓದಿಸಿ.

ಮೀಟರಿನಲ್ಲಿ 70ಕ್ಕಿಂತ ಕೆಳಗೆ ಬಂದರೆ ಸಕ್ಕರೆ ಕುಸಿದಿದೆ ಅಂತ. 54ಕ್ಕಿಂತ ಕೆಳಗೆ ಹೋದರೆ ತೀರಾ ಅಪಾಯ. ಮೈ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕಣ್ಣು ಮಂಜಾಗುತ್ತದೆ, ಸುಮ್‌ಸುಮ್ನೆ ಸಿಟ್ಟು ಬರುತ್ತದೆ. ತುಂಬಿದ ಬೋಗಿಯಲ್ಲಿ ಬೆವರನ್ನು ಸೆಕೆ ಅಂದುಕೊಳ್ಳುವುದು ಸುಲಭ. ಅನುಮಾನ ಬಂದರೆ ಪರೀಕ್ಷೆ ಮಾಡಿ. ಪರೀಕ್ಷೆಗೆ ಜಾಗ ಇಲ್ಲದಿದ್ದರೆ ಕುಸಿದಿದೆ ಅಂತಲೇ ತಿಳಿದು ಗ್ಲೂಕೋಸ್ ತಗೊಳ್ಳಿ.

ಮೂರು ಚಮಚ ಗ್ಲೂಕೋಸ್ ಪುಡಿಯನ್ನು ನೀರಿಗೆ ಹಾಕಿ ಕುಡಿಯಿರಿ. ಅದು ಸುಮಾರು 15 ಗ್ರಾಂ. ಗ್ಲೂಕೋಸ್ ಇಲ್ಲದಿದ್ದರೆ ಮೂರು–ನಾಲ್ಕು ಚಮಚ ಸಕ್ಕರೆ. 15 ನಿಮಿಷ ಕಾದು ಮತ್ತೆ ನೋಡಿ. ಇನ್ನೂ 70 ದಾಟಿಲ್ಲ ಅಂದರೆ ಇನ್ನೊಂದು ಸಲ. ಸರಿಹೋದ ಮೇಲೆ ಊಟಕ್ಕೆ ಇನ್ನೂ ಹೊತ್ತಿದ್ದರೆ ಒಂದು ಚಪಾತಿಯನ್ನೋ ನಾಲ್ಕು ಬಿಸ್ಕತ್ತನ್ನೋ ತಿನ್ನಿ. ಚಾಕೊಲೇಟ್, ವಡೆ ಈ ಹೊತ್ತಿಗೆ ಕೆಲಸಕ್ಕೆ ಬರುವುದಿಲ್ಲ, ಕೊಬ್ಬು ಸೇರಿರುವುದರಿಂದ ಸಕ್ಕರೆ ನಿಧಾನಕ್ಕೆ ಏರುತ್ತದೆ. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಮಾತ್ರೆ ತಗೊಳ್ಳುವವರಿಗೆ ಗ್ಲೂಕೋಸೇ ಬೇಕು. ಆ ಮಾತ್ರೆಗಳು ಮಾಮೂಲಿ ಸಕ್ಕರೆ ಒಡೆಯುವುದನ್ನು ತಡೆಯುತ್ತವೆ.

ಗ್ಲೂಕೋಸ್ ಪೊಟ್ಟಣ ಮೈಮೇಲೆ, ಜೇಬಲ್ಲಿ ಇರಲಿ. ಮೇಲಿನ ರ‍್ಯಾಕಿನ ಬ್ಯಾಗಲ್ಲಿ ಇದ್ದರೆ ನೂಕುನುಗ್ಗಲಲ್ಲಿ ಕೈಗೆ ಸಿಗುವುದಿಲ್ಲ. ಪಾಸ್ ಇಡುವ ಕವರಿನಲ್ಲಿ ಒಂದು ಚೀಟಿ ಕನ್ನಡದಲ್ಲಿ ಬರೆದಿಡಿ: "ನನಗೆ ಡಯಾಬಿಟಿಸ್ ಇದೆ. ನಾನು ತಬ್ಬಿಬ್ಬಾದಂತೆ ಕಂಡರೆ ಜೇಬಲ್ಲಿರುವ ಗ್ಲೂಕೋಸ್ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ." ಕೆಳಗೆ ಮನೆಯವರ ನಂಬರ್. ರೈಲ್ವೆ ಸಹಾಯವಾಣಿ 139. ದಿನಾ ಜೊತೆಗೆ ಬರುವ ಇಬ್ಬರಿಗಾದರೂ ವಿಷಯ ಗೊತ್ತಿರಬೇಕು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನಿಲ್ದಾಣದಿಂದ ಮನೆಗೆ ಗಾಡಿ ಓಡಿಸಿಕೊಂಡು ಹೋಗುವವರು, ಇನ್ಸುಲಿನ್ ತಗೊಳ್ಳುತ್ತಿದ್ದರೆ, ಕೀ ತಿರುಗಿಸುವ ಮುಂಚೆ ಒಮ್ಮೆ ಮೀಟರ್ ನೋಡಿ.

ಇನ್ಸುಲಿನ್ ಜೊತೆ ಪ್ರಯಾಣ

ಬಳಸುತ್ತಿರುವ ಪೆನ್ ಅಥವಾ ಬಾಟಲಿಯನ್ನು 30 ಡಿಗ್ರಿ ಒಳಗೆ ಇಟ್ಟರೆ ಸಾಮಾನ್ಯವಾಗಿ ನಾಲ್ಕು ವಾರ ಬರುತ್ತದೆ. ತೆರೆಯದ್ದು 2ರಿಂದ 8 ಡಿಗ್ರಿಯಲ್ಲಿ ಫ್ರಿಜ್ಜಿನಲ್ಲಿರಬೇಕು, ಫ್ರೀಜರಿನಲ್ಲಿ ಅಲ್ಲ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸ ಮಾಡುವುದಿಲ್ಲ. ನಿಲ್ದಾಣದ ಸ್ಟ್ಯಾಂಡಿನಲ್ಲಿ ಬಿಸಿಲಿಗೆ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಯಾವತ್ತೂ ಬಿಟ್ಟುಹೋಗಬೇಡಿ. ನೀರಲ್ಲಿ ನೆನೆಸಿ ಬಳಸುವ ಕೂಲಿಂಗ್ ಪೌಚ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಐಸ್ ಪ್ಯಾಕ್ ಇಟ್ಟರೆ ನಡುವೆ ಬಟ್ಟೆ ಇರಲಿ.

ಊಟಕ್ಕೆ ತಗೊಳ್ಳುವ ಇನ್ಸುಲಿನ್ ಅನ್ನು ಡಬ್ಬಿ ಕೈಗೆ ಬಂದ ಮೇಲೇ ಚುಚ್ಚಿಕೊಳ್ಳಿ. ಮನೆಗೆ ಹೋಗಿ ಉಣ್ಣುತ್ತೇನೆ ಅಂತ ರೈಲಲ್ಲೇ ಚುಚ್ಚಿಕೊಂಡರೆ, ಸಿಗ್ನಲ್ ಸಿಗದೆ ಗಾಡಿ ಅರ್ಧ ಗಂಟೆ ನಿಂತರೆ ಏನು ಗತಿ? ರೈಲಿನ ಶೌಚಾಲಯಕ್ಕೆ ಹೋಗಿ ಚುಚ್ಚಿಕೊಳ್ಳುವುದೂ ಬೇಡ. ರೈಲಲ್ಲೇ ತಿನ್ನುವುದಾದರೆ ಸೀಟಲ್ಲೇ, ಗಾಡಿ ನಿಂತಾಗ ತಗೊಳ್ಳಿ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿಟ್ಟು, ತುಂಬಿದ ಮೇಲೆ ಆಸ್ಪತ್ರೆಗೆ ಕೊಡಿ. ಕಸದ ಬುಟ್ಟಿಗೆ ಹಾಕಿದರೆ ಅದು ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಪರೀಕ್ಷೆಯ ದಿನ

ಒತ್ತಡಕ್ಕೆ, ನಿದ್ದೆ ಕೆಟ್ಟದ್ದಕ್ಕೆ ಸಕ್ಕರೆ ಏರುತ್ತದೆ. ಆ ವಾರ ಮೀಟರಿನ ಅಂಕಿ ಜಾಸ್ತಿ ಬಂದರೆ ಗಾಬರಿ ಬೇಡ, ಆದರೆ ಹೊಸ ಡಯಟ್ ಶುರು ಮಾಡುವ ವಾರವೂ ಅದಲ್ಲ. ಪರೀಕ್ಷಾ ಕೊಠಡಿಯೊಳಗೆ ಗ್ಲೂಕೋಸ್, ನೀರು, ಮೀಟರ್ ಒಯ್ಯಲು ಡಾಕ್ಟರ ಚೀಟಿ ಇಟ್ಟು ಪರೀಕ್ಷಾ ವಿಭಾಗಕ್ಕೆ ವಾರ ಮುಂಚೆಯೇ ಅರ್ಜಿ ಕೊಡಿ. ಬಾಗಿಲಲ್ಲಿ ನಿಂತು ವಾದ ಮಾಡುವ ಹೊತ್ತಲ್ಲ ಅದು. ಎನ್‌ಟಿಎ ನಡೆಸುವ ನೆಟ್‌ನಂಥ ಪರೀಕ್ಷೆಗಳಲ್ಲಿ ಡಯಾಬಿಟಿಸ್ ಇರುವವರಿಗೆ ಸಕ್ಕರೆ ಮಾತ್ರೆ, ಹಣ್ಣು, ಪಾರದರ್ಶಕ ಬಾಟಲಿಯಲ್ಲಿ ನೀರು ಒಯ್ಯಲು ಅವಕಾಶವಿದೆ. ಆ ವರ್ಷದ ಸೂಚನೆ ಓದಿಕೊಳ್ಳಿ.

ಸ್ಟ್ರಿಪ್ ಉಳಿಸಿ ಬಳಸುವುದು

ಮೀಟರಿಗೆ ಹಾಕುವ ಸ್ಟ್ರಿಪ್‌ಗಳ ಬೆಲೆ ವಿದ್ಯಾರ್ಥಿಗಳಿಗೆ ಭಾರವೇ. ಇನ್ಸುಲಿನ್ ಇರುವವರು ಡಾಕ್ಟರು ಹೇಳಿದಷ್ಟು ಸಲ ನೋಡಲೇಬೇಕು, ಅಲ್ಲಿ ಉಳಿಸಲು ಹೋಗಬೇಡಿ. ಬರೀ ಮಾತ್ರೆಯವರು ಜೋಡಿಯಾಗಿ ನೋಡಿ: ಒಂದು ಊಟಕ್ಕೆ ಮುಂಚೆ, ಅದೇ ಊಟ ಶುರು ಮಾಡಿ ಎರಡು ಗಂಟೆಗೆ. ಈ ವಾರ ತಿಂಡಿಗೆ, ಮುಂದಿನ ವಾರ ಮಧ್ಯಾಹ್ನದ ಡಬ್ಬಿಗೆ, ಆಮೇಲೆ ರಾತ್ರಿ ಊಟಕ್ಕೆ. ಸಾಮಾನ್ಯ ಗುರಿ ಊಟಕ್ಕೆ ಮುಂಚೆ 80ರಿಂದ 130, ಊಟದ ನಂತರ 180ರ ಒಳಗೆ. ನಿಮ್ಮ ಡಾಕ್ಟರು ಬೇರೆ ಹೇಳಿದ್ದರೆ ಅದೇ ಸರಿ. ಬೆರಳು ಚುಚ್ಚುವ ಮುಂಚೆ ಕೈ ತೊಳೆದು ಒರೆಸಿ. ಹಣ್ಣು ಮುಟ್ಟಿದ ಬೆರಳಲ್ಲಿ ಅಂಕಿ ಸುಳ್ಳೇ ಏರುತ್ತದೆ.

ಅಂಕಿಯ ಪಕ್ಕದಲ್ಲಿ ತಿಂದದ್ದನ್ನೂ ಎರಡು ಪದದಲ್ಲಿ ಬರೆಯಿರಿ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮಾಡಿಸುವಾಗ ಆ ಪುಸ್ತಕ ಒಯ್ಯಿರಿ. ಅಂಕಿಗಳು ಇಳಿದಿದ್ದರೆ ಮಾತ್ರೆ ಕಡಿಮೆ ಮಾಡಬಹುದಾ ಅಂತ ನೀವೇ ಬಾಯಿ ಬಿಟ್ಟು ಕೇಳಿ, ಮನೆಯಲ್ಲಿ ನೀವೇ ನಿಲ್ಲಿಸಬೇಡಿ. ವರ್ಷಕ್ಕೊಮ್ಮೆ ಕಣ್ಣು, ಕಿಡ್ನಿ, ಪಾದದ ಪರೀಕ್ಷೆಯೂ ಆಗಬೇಕು. ಸೆಮಿಸ್ಟರ್ ರಜೆ ಶುರುವಾದ ವಾರದಲ್ಲೇ ಅದನ್ನು ಮುಗಿಸಿಕೊಳ್ಳಿ, ಕ್ಲಾಸ್ ಶುರುವಾದ ಮೇಲೆ ಆಸ್ಪತ್ರೆ ಕ್ಯೂನಲ್ಲಿ ನಿಲ್ಲಲು ಟೈಮ್ ಸಿಗುವುದಿಲ್ಲ.